ಗಬ್ಬೂರಿನ ಎರೆಯೂ ದಖ್ಖಣದ ಕರಿಗಲ್ಲೂ
(ಉಪನ್ಯಾಸ)



ಗಬ್ಬೂರ ಮೊದಲಾಗಿ ಹುಬ್ಬಳ್ಳಿಯ ಸುತ್ತಲೂ ಹರಡಿರುವ ಎರೆಹೊಲಗಳನ್ನು ಕಂಡವರು, ಈ ಮಣ್ಣು ಪೂರ್ವಕಾಲದಲ್ಲಿ ಭೂಗರ್ಭದಿಂದ ಉಕ್ಕಿದ ಶಿಲಾರಸದಿಂದ ಹುಟ್ಟಿತೆಂದು ಹೇಳುವುದುಂಟು. ಈ ಮಾತು ವಿಜಯಪುರಕ್ಕೆ ಸಲ್ಲುವುದು, ಗಬ್ಬೂರಿಗೆ ಸಲ್ಲದು. ಇದು ಪಂಡಿತರ ತರ್ಕಮಾತ್ರವೆಂದು ಬಿಡತಕ್ಕುದಲ್ಲ. ಬಾವಿ ತೋಡಿಸುವ ಒಕ್ಕಲಿಗನ ಹಣವು ಈ ಭೇದದ ಮೇಲೆ ನಿಂತಿರುವುದು.

ಈಗ್ಗೆ ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಭರತಖಂಡವು ಸಾಗರಮಧ್ಯದಲ್ಲಿ ಮೆಲ್ಲನೆ ಉತ್ತರಾಭಿಮುಖವಾಗಿ ಸರಿಯುತ್ತಿದ್ದಾಗ, ನೆಲವು ಉದ್ದುದ್ದವಾಗಿ ಬಿರಿದು ಶಿಲಾರಸವು ಹೊರಹರಿಯಿತು. ಅದು ಶಿಖರವುಳ್ಳ ಜ್ವಾಲಾಮುಖಿಯಂತೆ ಸಿಡಿದುದಲ್ಲ. ಕಾಯಿಸಿದ ಹಾಲು ಉಕ್ಕಿ ಒಲೆಯ ಸುತ್ತಲೂ ಹರಡುವಂತೆ ಹರಡಿತು. ಒಂದು ಹರಿವು ಆರಿದ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು. ಕೆಲವು ಹರಿವುಗಳು ಪೂರ್ವಸಮುದ್ರದ ಬಳಿಯ ರಾಜಮಹೇಂದ್ರಿಯವರೆಗೂ ಹೋದವೆಂದು ಭೂಶಾಸ್ತ್ರಜ್ಞರು ಎಣಿಸುವರು. ಸವೆದು ಉಳಿದಿರುವ ಭಾಗವೇ ಇಂದಿಗೆ ಸುಮಾರು ೫ ಲಕ್ಷ ಚದರ ಕಿಲೋಮೀಟರು. ಸಹ್ಯಾದ್ರಿಯಲ್ಲಿ ಮಹಾಬಳೇಶ್ವರದ ಕಡೆಗೆ ಅದರ ದಪ್ಪವು ಒಂದು ಕಿಲೋಮೀಟರಿಗೂ ಮಿಗಿಲು. ತೆಂಕಣಕ್ಕೆ ಬಂದಂತೆ ತೆಳುವಾಗಿ, ಬೆಳಗಾವಿಯ ಸೀಮೆಯಲ್ಲಿ ಅದರ ಅಂಚು ಮುಗಿಯುವುದು. ಬೆಟ್ಟಗಳ ಮೈ ಸೋಪಾನದಂತೆ ಕಾಣುವುದರಿಂದ ಇದಕ್ಕೆ ಟ್ರ್ಯಾಪ್ ಎಂಬ ಹೆಸರಾಯಿತು. ಸ್ವೀಡನ್ನಿನ ಭಾಷೆಯಲ್ಲಿ ಆ ಶಬ್ದದ ಮೂಲಕ್ಕೆ ಮೆಟ್ಟಿಲೆಂದರ್ಥ. ಅದೇ ಕಾಲದಲ್ಲಿ ದೈತ್ಯೋರಗಗಳು ಅಳಿದುದಕ್ಕೆ ಈ ಹರಿವಿನ ವಿಷವಾಯುವು ಕಾರಣವೋ, ಮೆಕ್ಸಿಕೋ ದೇಶದಲ್ಲಿ ಬಿದ್ದ ಆಕಾಶಶಿಲೆಯು ಕಾರಣವೋ ಎಂಬ ವಾದವು ಇನ್ನೂ ಮುಗಿದಿಲ್ಲ.

ಇನ್ನು ನೀರಿನ ಮಾತು. ಹರಿವಿನ ನಡುಭಾಗವು ಬಿಗಿಯಾದ ಕರಿಗಲ್ಲು. ಅದರಲ್ಲಿ ಬಿರುಕಿದ್ದರುಂಟು, ಇಲ್ಲವಾದರೆ ನೀರಿಲ್ಲ. ಮೇಲ್ಭಾಗವಾದರೋ ವಾಯುವು ಗುಳ್ಳೆಯಾಗಿ ನಿಂತು, ದೋಸೆಯ ಮೈಯಂತೆ ತೂತುತೂತಾಗಿರುವುದು. ಅದು ಸಡಿಲಗೊಂಡೆಡೆ ನೀರು ಸೇರುವುದು. ಎರಡು ಹರಿವುಗಳ ನಡುವೆ ಹಲವೆಡೆ ಕೆಂಪುಜೇಡಿಯ ಪದರವುಂಟು. ಮೊದಲನೆಯದು ಬಿಸಿಲುಮಳೆಗೆ ಸಿಕ್ಕಿದ ಬಿಡುವಿನ ಗುರುತದು. ಆದುದರಿಂದ ವಿಜಯಪುರದಲ್ಲಿ ಬಾವಿ ತೋಡುವವನು ಬಿಗಿಗಲ್ಲಿಗೆ ತಗುಲಿದಾಗ, ಇದನ್ನು ದಾಟಿದರೆ ಕೆಳಗೆ ಮತ್ತೊಂದು ಸಡಿಲು ಪದರ ಸಿಕ್ಕೀತೆಂದು ಆಶಿಸುವುದು ಯುಕ್ತವೇ ಸರಿ. ಬೀದರದಲ್ಲಿ ಕರಿಗಲ್ಲಿನ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯುಂಟು; ಮಳೆನೀರು ಅದರಲ್ಲಿಳಿದು ಕೆಳಗಣ ಜೇಡಿ ಮತ್ತು ಕರಿಗಲ್ಲಿನ ಮೇಲೆ ತಡೆಯುವುದು. ಬಹಮನಿಯರ ಕಾಲದ ಸುರಂಗಬಾವಿಗಳು ಈ ಮರ್ಮವನ್ನರಿತೇ ಕೊರೆದವು. ಭೂಶಾಸ್ತ್ರದ ಹೆಸರೇ ಹುಟ್ಟದಿದ್ದಾಗ ಅವರಿಗೆ ಇದು ತಿಳಿದುದು ಆಶ್ಚರ್ಯವೇ.

ಗಬ್ಬೂರಿನ ಅಡಿಗಲ್ಲಿನ ಕುಲವೇ ಬೇರೆ. ರಾಬರ್ಟ್ ಬ್ರೂಸ್ ಫೂಟನು ಈ ಪ್ರಾಂತವನ್ನು ಸಂಚರಿಸಿ ೧೮೭೬ರಲ್ಲಿ ಅದರ ಶಿಲೆಗಳ ವಿವರವನ್ನು ಪ್ರಕಟಿಸಿದನು; ಮುಂದೆ ಈ ಪದರುಗಲ್ಲುಗಳ ಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟನು. ಅವುಗಳ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮೇಲು. ಅವುಗಳ ಮುಂದೆ ದಖ್ಖಣದ ಕರಿಗಲ್ಲು ನಿನ್ನೆಯ ಶಿಶು. ಹಾಗಾದರೆ ಮಣ್ಣೇಕೆ ಕಪ್ಪು? ಸುಣ್ಣ, ಕಬ್ಬಿಣಗಳ ಅಂಶವುಳ್ಳ ಕಲ್ಲು ಮಿತವಾದ ಮಳೆಯ ಸೀಮೆಯಲ್ಲಿ, ನೀರು ಬೇಗ ಹರಿದುಹೋಗದ ಸಮನೆಲದಲ್ಲಿ ಕರಗಿದರೆ, ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಜಿಗುಟು ಎರೆಯಾಗುವುದು. ತಮಿಳುನಾಡಿನ ಕೊಯಮತ್ತೂರಿನಲ್ಲಿ ಶಿಲಾರಸದ ಹರಿವು ಇಲ್ಲದಿದ್ದರೂ ಎರೆಯುಂಟಲ್ಲವೇ!

ಧಾರವಾಡದ ಪದರುಗಲ್ಲುಗಳು ಒತ್ತಡಕ್ಕೆ ಮಡಿಚಿ ಬಹುಮಟ್ಟಿಗೆ ನೆಟ್ಟಗೆ ನಿಂತಿವೆ. ವಿಜಯಪುರದಂತೆ ರೊಟ್ಟಿಯ ಮೇಲೆ ರೊಟ್ಟಿಯಿಟ್ಟಂತಿಲ್ಲ. ಇಲ್ಲಿಯ ನೀರು ಮೇಲಣ ಶಿಥಿಲವಾದ ಗರಸಿನಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಇರುವುದು. ಗಟ್ಟಿಗಲ್ಲು ತಗುಲಿದ ಮೇಲೂ, ಬಿರುಕಿನ ಗುರುತು ಕಾಣದಿದ್ದರೂ, ಕೆಳಗೊಂದು ಸಡಿಲು ಪದರವುಂಟೆಂದು ವಿಜಯಪುರದ ನೆಂಟನ ಮಾತನ್ನು ನಂಬಿ ಅಗೆಯುತ್ತ ಹೋದವನಿಗೆ ಸಾಲವು ಆಳವಾಗುವುದೇ ಹೊರತು ಸೆಲೆ ಸಿಕ್ಕುವುದು ದುರ್ಲಭ. ಅಂಥವನು ಅದೇ ಹಣದಲ್ಲಿ ಹಳ್ಳದ ಮಗ್ಗುಲಿಗೆ, ಗರಸು ದಪ್ಪವಾಗಿರುವೆಡೆ ಬಾವಿಯನ್ನು ಅಗಲಿಸುವುದು ಲೇಸು. ಹೊಲದ ಬದುವನ್ನು ಎತ್ತರಿಸಿ ಮಳೆನೀರನ್ನು ತಡೆದರೆ ಆ ಗರಸಿಗೇ ಅದು ಇಳಿಯುವುದು.