ಒಲ್ಲದ ಮನಸ್ಸಿನಿಂದ ಕೊಂಡ ಒಂಟಿನಳಿಗೆ ಕೋವಿ

(ರೈತರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಮಲೆನಾಡಿನಲ್ಲಿ ಕತ್ತಿ, ಗುದ್ದಲಿ, ಪಂಪ್‌ಸೆಟ್ಟುಗಳಂತೆ ಕೋವಿಯೂ ಒಂದು ಬೇಸಾಯದ ಸಲಕರಣೆಯೇ. ಆದರೆ ಪಂಪ್‌ಸೆಟ್ಟು ಕೊಳ್ಳುವ ಮುನ್ನ ಹತ್ತು ಮಂದಿಯನ್ನು ವಿಚಾರಿಸುವ ರೈತರು ಕೋವಿಯ ವಿಷಯದಲ್ಲಿ ಅಷ್ಟು ವಿಚಾರ ಮಾಡುವುದಿಲ್ಲ. ತಂದೆ ಬಿಟ್ಟುಹೋದ ಕೇಪಿನ ಕೋವಿ ಅಟ್ಟದ ಕೆಳಗೆ ತೂಗುತ್ತಿರುತ್ತದೆ; ಬೆಳೆ ಬಂದಾಗ ಅದನ್ನೇ ಇಳಿಸುತ್ತಾರೆ. ತೋಟಾ ಹಾಕುವ ಕೋವಿಯ ಮಾತು ಬಂದರೆ, ಅದು ಶಿಕಾರಿಯವರಿಗೆ, ಶ್ರೀಮಂತರಿಗೆ ಎಂದು ತಳ್ಳಿಹಾಕುವುದುಂಟು. ಹೀಗೆ ಬಹಳ ದಿನ ಅನುಮಾನಿಸಿ, ಕೊನೆಗೆ ಹಳೆಯ ಕೋವಿ ಕೈಕೊಟ್ಟ ಮೇಲೆ ಒಲ್ಲದ ಮನಸ್ಸಿನಿಂದ ಒಂಟಿನಳಿಗೆಯ ತೋಟಾ ಕೋವಿ ಕೊಂಡವರು, ಒಂದು ಮಳೆಗಾಲ ಕಳೆಯುವುದರೊಳಗೆ ‘ಇದನ್ನು ಮೊದಲೇ ಕೊಳ್ಳಬೇಕಿತ್ತು’ ಎನ್ನುವಂತಾಗುವುದೇಕೆ ಎಂಬುದೇ ಇಂದಿನ ವಿಷಯ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ತಿಳಿಯುವುದು ಅವಶ್ಯ. 1959ರ ಆಯುಧ ಕಾಯಿದೆಯ 13ನೇ ಪ್ರಕರಣದಲ್ಲಿ ಬೆಳೆ ರಕ್ಷಣೆಯನ್ನು ಹೆಸರಿಸಿಯೇ ಹೇಳಲಾಗಿದೆ. ನಿಜವಾದ ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮ ಕೇಪಿನ ಕೋವಿಯಂಥದಕ್ಕೆ, ಲೈಸೆನ್ಸು ಕೊಡಬೇಕೆಂದು ಅಲ್ಲಿದೆ. ಅದರ ಕೆಳಗೇ ಇರುವ ಇನ್ನೊಂದು ಮಾತು ಅನೇಕರ ಗಮನಕ್ಕೆ ಬಂದಿಲ್ಲ. ಅಂಥ ಕೋವಿ ಬೆಳೆ ಕಾಯಲು ಸಾಲದು ಎಂದು ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಗೆ ನುಣುಪಾಗಿರುವ ಬೇರೆ ಕೋವಿಗೂ ಲೈಸೆನ್ಸು ಕೊಡಬಹುದು. ಒಂಟಿನಳಿಗೆ ತೋಟಾ ಕೋವಿ ಈ ಮಾತಿನ ಒಳಗೆ ಬರುತ್ತದೆ. ಆದ್ದರಿಂದ ‘ಬೆಳೆ ಲೈಸೆನ್ಸಿಗೆ ಕೇಪಿನ ಕೋವಿ ಮಾತ್ರ’ ಎಂಬ ಊರಮಾತು ಪೂರ್ತಿ ಸರಿಯಲ್ಲ. ಏಕೆ ಸಾಲದು ಎಂಬುದನ್ನು ಅರ್ಜಿಯಲ್ಲಿ ಕಾರಣಸಹಿತ ಬರೆಯಬೇಕು, ಅಷ್ಟೆ.

ಹಳೆಯ ಕೋವಿಯ ಕಷ್ಟ

ಘಟ್ಟದ ಮೇಲಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಮುಂದೆ ಎರಡೆಕರೆ ಅಡಿಕೆ ತೋಟ, ನಡುವೆ ಬಾಳೆ, ಕೆಳಗೆ ಗದ್ದೆ. ಭತ್ತ ಹಾಲುಗಾಳಿಗೆ ಬಂದ ರಾತ್ರಿ ಕಾಡುಹಂದಿಯ ಹಿಂಡು ಇಳಿಯುತ್ತದೆ. ಯಜಮಾನರು ಟಾರ್ಚು ಹಿಡಿದು, ಸಂಜೆಯೇ ಈಡು ತುಂಬಿಟ್ಟ ಕೇಪಿನ ಕೋವಿಯೊಂದಿಗೆ ಹೋಗುತ್ತಾರೆ. ಟ್ರಿಗರ್ ಎಳೆದರೆ ‘ಟಪ್’ ಎಂದು ಕೇಪು ಮಾತ್ರ ಸಿಡಿಯುತ್ತದೆ, ಈಡು ಹಾರುವುದಿಲ್ಲ. ಹಂದಿಗಳು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗುತ್ತವೆ.

ಇಲ್ಲಿ ಕೋವಿಯ ತಪ್ಪಿಲ್ಲ. ಕರಿಮದ್ದು ತೇವವನ್ನು ಎಳೆದುಕೊಳ್ಳುವ ವಸ್ತು. ಆಷಾಢ ಶ್ರಾವಣದ ಗಾಳಿಯಲ್ಲಿ ತುಂಬಿಟ್ಟ ಈಡು ಒಂದೆರಡು ದಿನದಲ್ಲಿ ಜಡವಾಗುತ್ತದೆ. ಕೇಪಿನ ಬೆಂಕಿ ಮದ್ದಿಗೆ ತಲುಪಬೇಕಾದ ಸಣ್ಣ ರಂಧ್ರದಲ್ಲಿ ಹಳೆಯ ಮಸಿ ಕಟ್ಟಿಕೊಂಡಿರುತ್ತದೆ. ಇದಕ್ಕಿಂತ ಅಪಾಯವಾದದ್ದು ಇನ್ನೊಂದಿದೆ. ಕೆಲವೊಮ್ಮೆ ಕೇಪು ಸಿಡಿದು, ಮದ್ದು ಒಂದೆರಡು ಕ್ಷಣ ತಡೆದು ಆಮೇಲೆ ಹಾರುತ್ತದೆ. ಹಾರಲಿಲ್ಲವಲ್ಲ ಎಂದು ಕೋವಿಯ ಬಾಯಿಯತ್ತ ಮುಖ ಬಾಗಿಸಿದವರ ಗತಿ ಹೇಳಬೇಕಾಗಿಲ್ಲ.

ಮತ್ತೊಂದು ತೊಡಕು, ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣದಿರುವುದು. ಗಜವನ್ನು ನಳಿಗೆಯೊಳಗೆ ಬಿಟ್ಟು ಎಷ್ಟು ಆಳಕ್ಕೆ ಇಳಿಯಿತೆಂದು ಅಳೆದೇ ತಿಳಿಯಬೇಕು. ಅಪ್ಪ ತುಂಬಿಟ್ಟದ್ದನ್ನು ಅರಿಯದೆ ಮಗ ಅದರ ಮೇಲೆ ಇನ್ನೊಂದು ಈಡು ಹಾಕಿ, ತೆಂಗಿನ ನಾರು ಜಡಿದು ಹಾರಿಸಿದರೆ ನಳಿಗೆ ಬಿರಿಯುವ ಸಂಭವ ಬಹಳ. ಮದ್ದಿನ ಅಳತೆಯೂ ಕೈಯಂದಾಜು. ತುಂಬಿದ ಈಡನ್ನು ಬೇಡವೆಂದರೆ ಹಾರಿಸದೆ ತೆಗೆಯುವುದು ಸುಲಭವಲ್ಲ. ಹಾಗಾಗಿ ಈಡು ತುಂಬಿದ ಕೋವಿಯೇ ಮನೆಯೊಳಗೆ ಗೋಡೆಗೆ ಒರಗಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಕೆಟ್ಟ ಪದ್ಧತಿ ಇಲ್ಲ.

ಅನುಮಾನಗಳು

ಇಷ್ಟಾದರೂ ಯಜಮಾನರು ಒಪ್ಪುವುದಿಲ್ಲ. ತೋಟಕ್ಕೆ ಬಂದ ಭಾವನವರು, ‘ಒಂದು ತೋಟಾ ಕೋವಿ ತಗೊಳ್ಳಿ ಭಾವ’ ಎಂದರೆ, ‘ಅಪ್ಪಯ್ಯನ ಕೋವಿ ಸಾಕು ಮಾರಾಯ್ರೆ. ತೋಟಾಕ್ಕೆ ಸುರಿಯೋಕೆ ದುಡ್ಡೆಲ್ಲಿದೆ?’ ಎನ್ನುತ್ತಾರೆ. ಒಂದೇ ನಳಿಗೆಯಾದರೆ ಮೊದಲ ಈಡು ತಪ್ಪಿದಾಗ ಗತಿಯೇನು, ಕೊಳ್ಳುವುದಾದರೆ ಜೋಡುನಳಿಗೆಯದನ್ನೇ ಕೊಳ್ಳಬೇಕಲ್ಲವೇ ಎಂಬುದು ಎರಡನೆಯ ಅನುಮಾನ. ಹಗುರ ಕೋವಿ ಭುಜಕ್ಕೆ ಒದೆಯುತ್ತದೆಂಬುದು ಮೂರನೆಯದು. ಈ ಮೂರರಲ್ಲಿಯೂ ಸ್ವಲ್ಪ ಸತ್ಯವಿದೆ.

ತೋಟಾ ಒಂದಕ್ಕೆ ತಗಲುವ ಖರ್ಚು ಮದ್ದು ಚರೆಗಳ ಖರ್ಚಿಗಿಂತ ಹೆಚ್ಚು. ಆದರೆ ಕೇಪಿನ ಕೋವಿಯಲ್ಲಿ ಒದ್ದೆಯಾಗಿ ಹಾಳಾಗುವ ಈಡುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ರಾತ್ರಿಯಲ್ಲಿ ಹಂದಿ ಉತ್ತುಹಾಕುವ ಬಾಳೆಯ ಬುಡಗಳನ್ನೂ ಲೆಕ್ಕಕ್ಕೆ ಹಿಡಿದರೆ ಖರ್ಚಿನ ಮಾತು ತಾನಾಗಿ ತಗ್ಗುತ್ತದೆ. ಬೆಳೆ ಕಾಯುವವನಿಗೆ ಬೇಕಾದದ್ದು ಬೇಟೆಯಲ್ಲ, ಹಿಂಡು ಓಡುವಂಥ ಒಂದು ಶಬ್ದ. ಅದು ಬೇಕಾದ ಕ್ಷಣಕ್ಕೆ ತಪ್ಪದೆ ಆಗಬೇಕು. ಅದಕ್ಕೆ ಒಂದು ನಳಿಗೆ ಸಾಕು. ಜೋಡುನಳಿಗೆಗೆ ಭಾರ ಹೆಚ್ಚು, ಬೆಲೆ ಹೆಚ್ಚು, ಕೆಟ್ಟರೆ ರಿಪೇರಿಯೂ ಹೆಚ್ಚು. ಒದೆತವು ನಿಜವೇ, ಸುಮಾರು 3 ಕಿಲೋ ತೂಕದ ಕೋವಿಯಲ್ಲಿ ಭಾರಿ ತೋಟಾ ಹಾರಿಸಿದರೆ ಭುಜ ನೋಯುತ್ತದೆ. ಆದರೆ ನೋಯಿಸುವುದು ಹೆಚ್ಚಾಗಿ ಕೋವಿಯಲ್ಲ, ಅದನ್ನು ಭುಜಕ್ಕೆ ಆನಿಸದೆ ಎರಡು ಬೆರಳು ದೂರ ಹಿಡಿಯುವ ಅಂಜಿಕೆ.

ಕೊಂಡ ಮೇಲೆ ಕಂಡದ್ದು

ಈ ಕೋವಿಗಳಲ್ಲಿ ಹೆಚ್ಚಿನವು 12 ಬೋರಿನವು. ಒಂದು ಪೌಂಡು ಸೀಸವನ್ನು 12 ಸಮ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡಿನ ಅಡ್ಡಳತೆ ಎಷ್ಟಾಗುವುದೋ ಅಷ್ಟು ಈ ನಳಿಗೆಯ ಬಾಯಿ, ಸುಮಾರು ಹದಿನೆಂಟೂವರೆ ಮಿಲಿಮೀಟರು. ತೋಟಾದೊಳಗೆ ಮದ್ದು, ಬಿರಡೆ, ಚರೆ, ಹಿಂದೆ ಕೇಪು ಎಲ್ಲವೂ ಕಾರ್ಖಾನೆಯ ಅಳತೆಯಲ್ಲಿರುತ್ತವೆ. ಹಿಂದೆ ತೋಟಾದ ಕೋಶ ಕಾಗದದ್ದಾಗಿತ್ತು. ಮಳೆಗಾಲದಲ್ಲಿ ಉಬ್ಬಿ ನಳಿಗೆಗೆ ಹೋಗುತ್ತಿರಲಿಲ್ಲ. ತೋಟಾ ಕೋವಿಯ ಮೇಲೆ ಹಳಬರಿಗೆ ಇದ್ದ ಅಪನಂಬಿಕೆಗೆ ಅದೂ ಒಂದು ಕಾರಣ. ಪ್ಲಾಸ್ಟಿಕ್ ಕೋಶ ಬಂದ ಮೇಲೆ ಆ ದೂರು ಉಳಿದಿಲ್ಲ.

ಕೊಂಡವರಿಗೆ ಮೊದಲು ಆಶ್ಚರ್ಯವಾಗುವುದು ಮಳೆಯಲ್ಲಿ. ಕಂಬಳಿ ಕೊಪ್ಪೆಯ ಮೇಲೆ ನೀರು ಸುರಿಯುತ್ತಿದ್ದರೂ ಕೋವಿ ಹಾರುತ್ತದೆ. ಆದರೆ ನಿಜವಾಗಿ ಮನಸ್ಸಿಗೆ ನೆಮ್ಮದಿ ತರುವುದು ಬೇರೊಂದು ಗುಣ. ಕೋವಿಯನ್ನು ನಡುವೆ ಮಡಚಿದರೆ ಸಾಕು, ತೋಟಾದ ಹಿತ್ತಾಳೆಯ ತಲೆ ಕಣ್ಣಿಗೆ ಕಾಣುತ್ತದೆ. ಇಲ್ಲದಿದ್ದರೆ ನಳಿಗೆಯ ಆ ತುದಿಯ ಬೆಳಕು ಕಾಣುತ್ತದೆ. ಈಡು ಇದೆಯೇ ಎಂಬ ಪ್ರಶ್ನೆಗೆ ಮಗುವೂ ಉತ್ತರ ಹೇಳಬಹುದು. ಬೇಲಿ, ಉಣುಗೋಲು, ಸಂಕ ದಾಟುವಾಗ ತೋಟಾ ಹೊರತೆಗೆದು ಜೇಬಿಗೆ ಹಾಕಿಕೊಂಡು, ದಾಟಿದ ಮೇಲೆ ಮತ್ತೆ ಹಾಕಬಹುದು. ಜಾರಿ ಬಿದ್ದು ನಳಿಗೆಯ ಬಾಯಿಗೆ ಕೆಸರು ಹೊಕ್ಕಿದ್ದರೆ ಅದೂ ಕಾಣುತ್ತದೆ. ಕೆಸರು ಮೆತ್ತಿದ ನಳಿಗೆಯಲ್ಲಿ ಹಾರಿಸಿದರೆ ನಳಿಗೆ ಸೀಳುವುದು ಖಂಡಿತವೆಂದೇ ತಿಳಿಯಬೇಕು. ಮನೆಗೆ ಮರಳಿದೊಡನೆ ತೋಟಾ ಬೇರೆ, ಕೋವಿ ಬೇರೆ; ಎರಡಕ್ಕೂ ಬೇರೆ ಬೇರೆ ಬೀಗ. ರಾತ್ರಿ ಮನೆಯ ಹೆಂಗಸರು ನಿಶ್ಚಿಂತೆಯಿಂದ ಮಲಗುವಂತಾದದ್ದೇ ಈ ಕೋವಿಯ ದೊಡ್ಡ ಲಾಭವೆಂದರೆ ತಪ್ಪಾಗಲಾರದು.

ಹಳೆಯ ಕೋವಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಳಿಗೆಯ ಮೇಲೆ ಮರದ ಸುಳಿಯಂತೆ ಬಳ್ಳಿಬಳ್ಳಿಯಾದ ಗೆರೆಗಳಿರುವ ವಿಲಾಯತಿ ಕೋವಿಗಳು ನೋಡಲು ಅಂದ. ಇವು ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳು, ಕರಿಮದ್ದಿನ ಕಾಲದವು. ಇವುಗಳಲ್ಲಿ ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾರಿಸಬಾರದು. ತೋಟಾ ಕೂರುವ ಜಾಗದ ಉದ್ದವನ್ನೂ ನೋಡಿಕೊಳ್ಳಬೇಕು. 65 ಮಿಲಿಮೀಟರಿನ ಜಾಗಕ್ಕೆ 70 ಮಿಲಿಮೀಟರಿನ ತೋಟಾ ಒಳಗೆ ಹೋಗುತ್ತದೆ, ಆದರೆ ಹಾರುವಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ಒತ್ತಡ ಮಿತಿಮೀರುತ್ತದೆ. ಪರವಾನಗಿಯುಳ್ಳ ಕೋವಿ ವ್ಯಾಪಾರಿಯಿಂದ ಪರೀಕ್ಷೆ ಮಾಡಿಸದೆ ಹಳೆಯ ಕೋವಿ ಕೊಳ್ಳುವುದು ಹಲ್ಲು ನೋಡದೆ ಎತ್ತು ಕೊಂಡಂತೆ.

ರೈಫಲ್ ಕೊಂಡರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೆಳೆಯ ಕೆಲಸಕ್ಕೆ ಬೇಡ. ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ನೆಲ ಸೇರುತ್ತದೆ. ರೈಫಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ತೋಟದಾಚೆಯ ಮನೆ, ರಸ್ತೆ, ಗದ್ದೆಯಲ್ಲಿ ಕಾವಲಿರುವ ನೆರೆಯವರು ಎಲ್ಲರೂ ಅದರ ಹಾದಿಯಲ್ಲಿರುತ್ತಾರೆ.

ಅನುಮಾನಿಸದೆ ಕೊಂಡದ್ದು

ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿಯನ್ನೂ ಹೇಳಬೇಕು. ಪಿ.ವಿ.ಸಿ. ಪೈಪು, ಕ್ಯಾಲ್ಸಿಯಂ ಕಾರ್ಬೈಡು, ಸ್ವಲ್ಪ ನೀರು, ಒಂದು ಲೈಟರು ಸೇರಿಸಿ ಮಾಡುವ ಕಾರ್ಬೈಡ್ ಗನ್ ಎಂಬುದನ್ನು ಮಂಗ ಓಡಿಸಲು ಅನೇಕರು ಕಣ್ಣು ಮುಚ್ಚಿ ಕೊಂಡರು. ಅಗ್ಗ, ಲೈಸೆನ್ಸು ಬೇಡ, ಶಬ್ದ ಜೋರು. ಕಾರ್ಬೈಡಿಗೆ ನೀರು ಸೇರಿದಾಗ ಅಸಿಟಿಲೀನ್ ಅನಿಲ ಹುಟ್ಟಿ ಅದು ಸಿಡಿಯುತ್ತದೆ. ಸಿಡಿಯದಿದ್ದಾಗ ಪೈಪಿನೊಳಗೆ ಇಣುಕುವುದು ಮನುಷ್ಯ ಸ್ವಭಾವ, ಸಿಡಿಯುವುದು ಆಗಲೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದನ್ನು ಪಟಾಕಿಯಂತೆ ಬಳಸಿ ಬಹಳಷ್ಟು ಮಕ್ಕಳು ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಕೆಲವರ ದೃಷ್ಟಿಯೇ ಹೋಯಿತು. ಲೈಸೆನ್ಸು ಬೇಡವೆಂದ ಮಾತ್ರಕ್ಕೆ ನಿರಪಾಯಕಾರಿಯೆಂದು ತಿಳಿಯಬಾರದು.

ಮಾಡಬಾರದ್ದು

ಬೆಳೆ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗದ್ದೆಗೆ ಬಂದ ಹಂದಿಯನ್ನು ಕೊಲ್ಲುವುದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅಪ್ಪಣೆ ಬೇಕು. ನೆರೆಯ ಕೇರಳದಲ್ಲಿ 2022ರಲ್ಲಿ ಹಂದಿಯ ಬಗ್ಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಡಲಾಯಿತು. ಗಡಿಯಾಚೆ ನಡೆಯುವುದನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ಹೊಡೆದವರು ಕೋರ್ಟು ಅಲೆಯಬೇಕಾದೀತು.

ಆನೆಗೆ ಚರೆ ಹಾರಿಸುವುದಂತೂ ಎಂದಿಗೂ ಕೂಡದು. ಚರೆ ಆನೆಯನ್ನು ಕೊಲ್ಲುವುದಿಲ್ಲ. ಚರ್ಮದೊಳಗೆ ಉಳಿದು ಕೀವಾಗುತ್ತದೆ. ನೋವು ತಿಂದ ಆನೆ ಮರುದಿನ ಬೆಳಿಗ್ಗೆ ಕಾಫಿ ತೋಟಕ್ಕೆ ಕೆಲಸಕ್ಕೆ ಬರುವ ಬಡ ಹೆಂಗಸಿನ ಮೇಲೆ ಅದನ್ನು ತೀರಿಸಿಕೊಳ್ಳುತ್ತದೆ. ಪ್ರಾಣಿ ಬರುವ ದಾರಿಗೆ ದಾರ ಕಟ್ಟಿ, ತಾನಾಗಿ ಹಾರುವಂತೆ ಕೋವಿ ಇಡುವುದೂ ಇದೇ ಜಾತಿಯ ಅಪರಾಧ. ದಾರಕ್ಕೆ ಹಂದಿಯ ಕಾಲೂ ಒಂದೇ, ದರಲೆಗೆ ಬಂದವರ ಕಾಲೂ ಒಂದೇ.

ಕೊಡಗಿನ ರೈತರಿಗೆ ಒಂದು ಮಾತು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಲೈಸೆನ್ಸಿನಿಂದ ಮಾತ್ರ, ವನ್ಯಜೀವಿ ಕಾಯಿದೆಯಿಂದಲ್ಲ.

ಕಾಗದಪತ್ರ

ಉಳಿದವರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. 2016ರ ಆಯುಧ ನಿಯಮಗಳ ಪ್ರಕಾರ ಕೋವಿಯ ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕು. ಈ ತರಬೇತಿಯನ್ನು ಬರೀ ಸರ್ಟಿಫಿಕೇಟಿಗೆಂದು ಮಾಡದೆ ಮನಸ್ಸಿಟ್ಟು ಕಲಿತರೆ ಭುಜದ ನೋವೂ ತಪ್ಪುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ಒಬ್ಬರಿಗೆ ಗರಿಷ್ಠ 2 ಕೋವಿ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ತಿಂಗಳಿಗೆ ಮೊದಲೇ ಕೊಡುವುದು ಕ್ಷೇಮ. ಚುನಾವಣೆ ಬಂದಾಗ ಕೋವಿಯನ್ನು ಠೇವಣಿ ಇಡಲು ಹೇಳುವುದುಂಟು. ಫಸಲು ನಿಂತಿರುವ ಕಾಲದಲ್ಲಿ ಇದು ರೈತರಿಗೆ ನಿಜವಾದ ತೊಂದರೆ. ಜಿಲ್ಲೆಯ ಪರಿಶೀಲನಾ ಸಮಿತಿಗೆ ಪಹಣಿಯ ನಕಲು, ಬೆಳೆಹಾನಿಗೆ ಸಲ್ಲಿಸಿದ ಹಿಂದಿನ ಅರ್ಜಿಗಳ ನಕಲು ಸೇರಿಸಿ ವಿನಾಯಿತಿ ಕೇಳಬಹುದು. ಸಿಕ್ಕದಿದ್ದರೆ ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಒಪ್ಪಿಸುವ ಮುನ್ನ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಸವರಿಕೊಟ್ಟರೆ ಮರಳಿ ಬರುವಾಗ ತುಕ್ಕು ಹಿಡಿದಿರುವುದಿಲ್ಲ.

ಇನ್ನು ಅಪ್ಪಯ್ಯನ ಕೇಪಿನ ಕೋವಿ. ಹೊಸದು ಬಂದಿತೆಂದು ಅದನ್ನು ಅಟ್ಟಕ್ಕೆಸೆದು ಮರೆಯುವಂತಿಲ್ಲ. ಲೈಸೆನ್ಸಿನಲ್ಲಿ ಉಳಿಸಿಕೊಂಡರೆ ಅದೂ ಎರಡರ ಲೆಕ್ಕಕ್ಕೆ ಸೇರುತ್ತದೆ. ಬೇಡವೆಂದರೆ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಿ ಲೈಸೆನ್ಸಿನಿಂದ ತೆಗೆಸಬೇಕು. ಉಳಿಸಿಕೊಳ್ಳುವವರು ಗಜ ಬಿಟ್ಟು ನೋಡಿ, ಒಳಗೆ ಹಳೆಯ ಈಡು ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಕುದಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ತೆಗೆದಿಡತಕ್ಕದ್ದು.