ಅಂಡಮಾನ್ ನಿಕೋಬಾರ್ ದ್ವೀಪಗಳ ಭೂಪಟ

(ಶಾಲೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ತರಗತಿಯ ಗೋಡೆಯ ಮೇಲೆ ತೂಗುವ ಭಾರತದ ಭೂಪಟವನ್ನು ನೀವೆಲ್ಲರೂ ನೋಡಿರುವಿರಿ. ಅದರ ಬಲಭಾಗದಲ್ಲಿ, ಬಂಗಾಳ ಕೊಲ್ಲಿಯ ನೀಲಿಯ ನಡುವೆ, ಸಾಸಿವೆ ಚೆಲ್ಲಿದಂತೆ ಕೆಲವು ಚುಕ್ಕೆಗಳಿವೆ. ಪರೀಕ್ಷೆಯಲ್ಲಿ ಪೆನ್ಸಿಲಿನ ಮೊನೆಯಿಂದ ನಾಲ್ಕು ಬೊಟ್ಟುಗಳನ್ನಿಟ್ಟು ‘ಅಂಡಮಾನ್, ನಿಕೋಬಾರ್’ ಎಂದು ಬರೆದರೆ ಅಂಕ ದೊರೆಯುತ್ತದೆ. ಅಂಕವೇನೋ ದೊರೆಯಿತು. ಆದರೆ ಆ ಬೊಟ್ಟುಗಳೊಳಗೆ ಯಾರಿದ್ದಾರೆ, ಅವರ ಊರು ಯಾವುದು, ದಾರಿ ಯಾವುದು, ಎಲ್ಲೆ ಯಾವುದು ಎಂದು ನಾವು ವಿಚಾರಿಸುವುದೇ ಇಲ್ಲ. ಆ ವಿಚಾರವಾಗಿ ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಈ ದ್ವೀಪಗಳ ಒಟ್ಟು ವಿಸ್ತೀರ್ಣ 8,249 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಅಲ್ಲಿ ವಾಸವಾಗಿದ್ದವರು 3,80,581 ಮಂದಿ. ಉತ್ತರದಲ್ಲಿ ಅಂಡಮಾನ್ ಸ್ತೋಮ, ದಕ್ಷಿಣದಲ್ಲಿ ನಿಕೋಬಾರ್ ಸ್ತೋಮ. ಇವೆರಡರ ನಡುವೆ, ಹತ್ತು ಡಿಗ್ರಿ ಅಕ್ಷಾಂಶದ ಬಳಿ, ಸುಮಾರು 150 ಕಿಲೋಮೀಟರು ಅಗಲದ ಕಡಲು. ನೆಲದ ಬಹುಭಾಗ ದಟ್ಟವಾದ ಕಾಡು. ಇಂತಹ ನಾಡಿನ ಭೂಪಟವನ್ನು ಬರೆಯುವವನು ನಾಲ್ಕು ಬಗೆಯ ಗುರುತುಗಳನ್ನು ಮಾಡಬೇಕಾಗುತ್ತದೆ: ಕರಾವಳಿಯ ಗೆರೆ, ಊರಿನ ಗುರುತು, ದಾರಿಯ ಗೆರೆ ಮತ್ತು ಆಡಳಿತದ ಎಲ್ಲೆ. ಒಂದೊಂದರ ಹಿಂದೆಯೂ ಒಂದೊಂದು ಪಾಠವಿದೆ.

ಮೊದಲು ಕರಾವಳಿ. 1788-89ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕಾಧಿಕಾರಿಯಾದ ಆರ್ಚಿಬಾಲ್ಡ್ ಬ್ಲೇರ್ ಎಂಬಾತನು ಹಡಗಿನಲ್ಲಿ ಸಂಚರಿಸಿ ಅಂಡಮಾನಿನ ದಡಗಳನ್ನು ಮೋಜಣಿ ಮಾಡಿದನು. ಮುಂದೆ ಅವನ ಹೆಸರನ್ನೇ ಅಲ್ಲಿಯ ಮುಖ್ಯ ಬಂದರಿಗೆ ಇಟ್ಟರು. ಆ ಪೋರ್ಟ್ ಬ್ಲೇರ್ 2024ರಲ್ಲಿ ‘ಶ್ರೀ ವಿಜಯ ಪುರಂ’ ಆಯಿತು. ಕಡಲ ದಡವನ್ನು ಬರೆಯುವುದು ಸುಲಭವೆಂದು ತೋರಬಹುದು. ಆದರೆ ಕಾಂಡ್ಲಾ ಗಿಡಗಳು ಬೆಳೆದ ಅಳಿವೆಯನ್ನು ಕಂಡಿರುವ ನಮ್ಮ ಮಕ್ಕಳಿಗೆ ಅದರ ಕಷ್ಟ ತಿಳಿದೀತು. ಉಬ್ಬರದಲ್ಲಿ ನೀರಾಗಿರುವುದು ಇಳಿತದಲ್ಲಿ ಕೆಸರಾಗುತ್ತದೆ. ಅಲ್ಲಿ ನೆಲವೆಲ್ಲಿ ಮುಗಿಯಿತು, ಕಡಲೆಲ್ಲಿ ತೊಡಗಿತು ಎಂಬುದನ್ನು ನೋಡಿ ಹೇಳಲಾಗದು, ನಿರ್ಣಯಿಸಿಯೇ ಹೇಳಬೇಕು.

ಹಾಗೆ ನಿರ್ಣಯಿಸಿ ಬರೆದ ಗೆರೆಯೂ ಶಾಶ್ವತವಲ್ಲ. 2004ನೆಯ ಇಸವಿ ದಶಂಬರ 26ರಂದು ಕಡಲ ತಳ ಕಂಪಿಸಿ ಸುನಾಮಿಯ ಅಲೆಗಳೆದ್ದವು. ಅಂದು ಅಂಡಮಾನಿನ ಉತ್ತರದ ದಡಗಳು ಮೇಲೆದ್ದು, ನೀರೊಳಗಿದ್ದ ಹವಳದ ದಿಬ್ಬಗಳು ಬಿಸಿಲಿಗೆ ಬಂದವು. ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟಿನಲ್ಲಿ ನೆಲ 4.25 ಮೀಟರು ಕುಸಿದು, ದೀಪಸ್ತಂಭದ ಬುಡ ಕಡಲಲ್ಲಿ ನಿಂತಿತು. ಟ್ರಿಂಕೆಟ್ ಎಂಬ ದ್ವೀಪವು ತುಂಡು ತುಂಡಾಯಿತು. ಹಿಂದಿನ ದಿನ ಸರಿಯಾಗಿದ್ದ ಭೂಪಟ ಒಂದೇ ಹಗಲಿನಲ್ಲಿ ತಪ್ಪಾಯಿತು. ಅನ್ನ, ಔಷಧ ಹೊತ್ತು ಹೊರಡುವವರಿಗೆ ಇಂತಹ ಹೊತ್ತಿನಲ್ಲಿ ಬೇಕಾಗುವ ಮಾಹಿತಿ ಬಹಳ ಸರಳವಾದುದು: ಯಾವ ಊರು ಎಲ್ಲಿದೆ, ಅಲ್ಲಿ ಎಷ್ಟು ಮನೆಗಳಿದ್ದುವು, ದೋಣಿ ತಂಗುವ ಧಕ್ಕೆ ಉಳಿದಿದೆಯೇ, ದಾರಿ ಇದೆಯೇ ಎಂಬಿಷ್ಟೇ. ಪಟದಲ್ಲಿ ಇಲ್ಲದ ಊರಿಗೆ ನೆರವು ತಡವಾಗಿ ತಲುಪುತ್ತದೆ. ಆದುದರಿಂದ ಭೂಪಟವು ಒಮ್ಮೆ ಬರೆದು ಮಡಚಿಡತಕ್ಕ ವಸ್ತುವಲ್ಲ. ಮರಳಿ ಮರಳಿ ಅಳೆದು ತಿದ್ದತಕ್ಕುದು.

ಎರಡನೆಯದು ಊರು. ಇಂದು ಉಪಗ್ರಹಗಳು ಆಕಾಶದಿಂದ ಚಿತ್ರ ತೆಗೆಯುತ್ತವೆ. ಅದರಲ್ಲಿ ಮನೆಯ ಮಾಡು ಕಾಣುತ್ತದೆ, ತೆಂಗಿನ ತೋಟ ಕಾಣುತ್ತದೆ. ಊರಿನ ಹೆಸರು ಮಾತ್ರ ಕಾಣುವುದಿಲ್ಲ. ಹೆಸರು ಸಿಗಬೇಕಾದುದು ಮನುಷ್ಯರ ಬಾಯಿಂದ. ಆ ಹೆಸರುಗಳನ್ನು ಓದಿದರೆ ಚರಿತ್ರೆಯೇ ತೆರೆದುಕೊಳ್ಳುತ್ತದೆ. ದಕ್ಷಿಣ ಅಂಡಮಾನಿನಲ್ಲಿ ಮಂಜೇರಿ, ತಿರೂರು, ವಂಡೂರು, ಕ್ಯಾಲಿಕಟ್ ಎಂಬ ಊರುಗಳಿವೆ. ಇವು ನಮ್ಮ ನೆರೆಯ ಮಲಬಾರಿನ ಹೆಸರುಗಳಲ್ಲವೇ ಎಂದು ನೀವು ಕೇಳುವಿರಿ. ನಿಜ. 1921ರ ಮಲಬಾರ್ ದಂಗೆಯ ತರುವಾಯ ಗಡೀಪಾರಾಗಿ ಹೋದ ಮಾಪಿಳ್ಳೆಯರೂ ಅವರನ್ನು ಕೂಡಿಕೊಂಡ ಕುಟುಂಬದವರೂ ತಮ್ಮ ಊರಿನ ಹೆಸರುಗಳನ್ನೂ ಜೊತೆಯಲ್ಲಿ ಒಯ್ದರು. ಮಾಯಾಬಂದರಿನ ಬಳಿ, 1925ರಲ್ಲಿ ಬರ್ಮಾದಿಂದ ಬಂದ ಕರೆನ್ ಜನರ ವೆಬಿ ಎಂಬ ಊರಿದೆ. ದೇಶವಿಭಜನೆಯಿಂದ ನೆಲೆ ತಪ್ಪಿದ ಪೂರ್ವಬಂಗಾಳದವರು 1949ರಿಂದ ಇಲ್ಲಿಗೆ ಬಂದು ನೆಲಸಿದರು. ಈಗ ಶಹೀದ್ ದ್ವೀಪವೆನಿಸಿದ ನೀಲ್ ದ್ವೀಪದಲ್ಲಿ ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ ಎಂಬ ಊರುಗಳು ಒಂದರ ಬಳಿಯಲ್ಲೊಂದು ಇವೆ. ಮನೆ ಕಳೆದುಕೊಂಡವರು ಹೆಸರನ್ನಾದರೂ ಉಳಿಸಿಕೊಳ್ಳುತ್ತಾರೆ. ಅದನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು ಭೂಪಟಕಾರನು ಅವರಿಗೆ ಸಲ್ಲಿಸುವ ಮರ್ಯಾದೆ.

ಮೂರನೆಯದು ದಾರಿ. ದಾರಿಯೆಂದರೆ ಶ್ರೇಯಸ್ಸೆಂದು ನಾವು ತಿಳಿಯುತ್ತೇವೆ. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ದಾರಿ ಬೇಕೇ ಬೇಕು. ದಕ್ಷಿಣದ ಮುಖ್ಯ ಪಟ್ಟಣದಿಂದ ಉತ್ತರದ ದಿಗ್ಲಿಪುರದವರೆಗೆ ಹೋಗುವ ಅಂಡಮಾನ್ ಹೆದ್ದಾರಿಯಿಂದ ಅನೇಕ ಊರುಗಳಿಗೆ ಉಪಕಾರವಾಗಿದೆ. ಆದರೆ ಆ ದಾರಿಯ ಒಂದು ಭಾಗವು ಜಾರವಾ ಎಂಬ ಮೂಲನಿವಾಸಿಗಳ ರಕ್ಷಿತ ಕಾಡಿನೊಳಗೆ ಹಾದುಹೋಗಿದೆ. ಬೇಟೆಯಾಡಿ, ಗೆಡ್ಡೆ ಜೇನು ಸಂಗ್ರಹಿಸಿ ಬಾಳುವ ಈ ಜನರಿಗೆ ಹೊರಗಿನವರ ರೋಗಗಳನ್ನು ತಡೆಯುವ ಶಕ್ತಿ ಕಡಿಮೆ. 1999ರಲ್ಲಿ ಅವರಲ್ಲಿ ದಡಾರ ಹಬ್ಬಿತು. ರಕ್ಷಿತ ಪ್ರದೇಶದೊಳಗಿನ ದಾರಿಯನ್ನು ಮುಚ್ಚಬೇಕೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಆದರೂ ದಾರಿ ಪೂರ್ಣವಾಗಿ ಮುಚ್ಚಲಿಲ್ಲ. ನಿಯತವಾದ ಹೊತ್ತಿನಲ್ಲಿ, ಬೆಂಗಾವಲಿನೊಡನೆ, ವಾಹನಗಳು ಸಾಲಾಗಿ ಹೋಗುವ ಏರ್ಪಾಡು ಬಂತು. ಉತ್ತರದ ಊರಿನ ರೋಗಿಗೆ ಆ ದಾರಿ ಪ್ರಾಣಾಧಾರ. ಕಾಡಿನವನಿಗೆ ಅದೇ ದಾರಿ ಭಯಕಾರಣ. ಪಟದಲ್ಲಿ ಒಂದೇ ಕೆಂಪು ಗೆರೆ, ಆದರೆ ಅದರ ಎರಡು ಬದಿಯಲ್ಲಿಯೂ ಮನುಷ್ಯರಿದ್ದಾರೆ.

ಕೊನೆಯದು ಎಲ್ಲೆ. ಈ ದ್ವೀಪಗಳಲ್ಲಿ ಈಗ ಮೂರು ಜಿಲ್ಲೆಗಳಿವೆ. 1974ರಲ್ಲಿ ನಿಕೋಬಾರ್ ಬೇರೆ ಜಿಲ್ಲೆಯಾಯಿತು. 2006ರಲ್ಲಿ ಅಂಡಮಾನ್ ಉತ್ತರ-ಮಧ್ಯವೆಂದೂ ದಕ್ಷಿಣವೆಂದೂ ಎರಡಾಯಿತು. ಇವು ಕಚೇರಿಯ ಎಲ್ಲೆಗಳು. ಇವಲ್ಲದೆ ಬೇರೆ ಎಲ್ಲೆಗಳೂ ಉಂಟು. ನಿಕೋಬಾರಿನವರಲ್ಲಿ ಭೂಮಿಯು ಒಬ್ಬೊಬ್ಬನ ಸೊತ್ತಲ್ಲ. ‘ತುಹೆತ್’ ಎಂಬ ಕೂಡುಕುಟುಂಬದ ಸೊತ್ತು. ಅದರ ಗಡಿ ಹಿರಿಯರ ನೆನಪಿನಲ್ಲಿದೆ. ಅಲೆಯು ಮರಗಳೊಡನೆ ಹಿರಿಯರನ್ನೂ ಒಯ್ದಾಗ ಗುರುತೂ ಹೋಯಿತು, ಗುರುತು ಹೇಳುವವರೂ ಹೋದರು. ಇನ್ನು ಉತ್ತರ ಸೆಂಟಿನೆಲ್ ದ್ವೀಪ. ಅದರ ಸುತ್ತ ಐದು ನಾವಿಕ ಮೈಲಿಗಳೊಳಗೆ ಹೋಗುವುದಕ್ಕೆ ಹೊರಗಿನವರಿಗೆ ಅನುಮತಿಯಿಲ್ಲ. ಅಲ್ಲಿಯ ಜನ ಹೊರಗಿನವರ ಸಂಪರ್ಕವನ್ನು ಒಲ್ಲೆಂದಿದ್ದಾರೆ. ದ್ವೀಪದ ಹೊರಗೆರೆಯನ್ನು ನಾವು ಬರೆಯಬಲ್ಲೆವು. ಅದರೊಳಗೆ ಅವರು ತಮ್ಮ ನೆಲೆಗಳಿಗೆ ಇಟ್ಟಿರುವ ಹೆಸರುಗಳನ್ನು ಅರಿಯೆವು. ಆ ಖಾಲಿ ಜಾಗವು ಭೂಪಟದ ದೋಷವಲ್ಲ, ಅವರ ಬಾಗಿಲು. ತೆರೆಯದ ಬಾಗಿಲನ್ನು ದೂಡಬಾರದೆಂಬುದೂ ಒಂದು ವಿದ್ಯೆಯೇ.

ಮಕ್ಕಳೇ, ಇಷ್ಟು ದೂರದ ಕಥೆ ನಮಗೇಕೆ ಎನ್ನುವಿರೋ? 1956ನೆಯ ನವಂಬರ 1ರಂದು ಅಂಡಮಾನ್ ನಿಕೋಬಾರ್ ಕೇಂದ್ರಾಡಳಿತ ಪ್ರದೇಶವಾಯಿತು. ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣೆಯಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಎಲ್ಲೆಯ ಗೆರೆ ಸರಿದಾಗ ನಮ್ಮ ಹಿರಿಯರ ಬಾವಿ, ಬೈಲು, ತೋಟ ಇದ್ದಲ್ಲಿಯೇ ಇದ್ದುವು. ಮನೆಯ ಮಾತೂ ಇದ್ದಂತೆಯೇ ಇದ್ದಿತು. ಅರ್ಜಿಯ ಭಾಷೆ, ಕಚೇರಿಯ ದಾರಿ ಮಾತ್ರ ಬದಲಾದುವು. ಗೆರೆಯೆಂದರೆ ಬರಿಯ ಮಸಿಯಲ್ಲವೆಂಬುದನ್ನು ಈ ಸಭೆಯಲ್ಲಿ ಕುಳಿತಿರುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಆದುದರಿಂದ ನಮ್ಮದೊಂದು ಬಿನ್ನಹ. ಬರುವ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನದೊಂದು ಭೂಪಟವನ್ನು ಬರೆದು ತರಬೇಕು. ಮನೆ, ತೋಡು, ಕಟ್ಟ, ಕಾಲುದಾರಿ, ದೈವಸ್ಥಾನ, ಮಸೀದಿ, ಶಾಲೆ ಎಲ್ಲವೂ ಅದರಲ್ಲಿರಲಿ. ಹೆಜ್ಜೆಯಿಂದ ಅಳೆದರೂ ಸಾಕು. ಒಂದೇ ಊರಿಗೆ ಎರಡು ಮೂರು ಭಾಷೆಗಳಲ್ಲಿ ಬೇರೆ ಬೇರೆ ಹೆಸರುಗಳಿರುವುದುಂಟು. ಮಂಗಳೂರನ್ನು ತುಳುವರು ಕುಡ್ಲವೆನ್ನುತ್ತಾರೆ, ಮಲಯಾಳದವರು ಮಂಗಲಾಪುರವೆನ್ನುತ್ತಾರೆ. ಒಂದನ್ನೂ ಬಿಡದೆ ಬರೆಯಿರಿ. ಗದ್ದೆಗಳ ಹೆಸರುಗಳನ್ನು ಅಜ್ಜ ಅಜ್ಜಿಯರಲ್ಲಿ ಕೇಳಿ ತಿಳಿಯಿರಿ. ಅವು ಯಾವ ಉಪಗ್ರಹಕ್ಕೂ ಕಾಣವು. ಪೋಷಕರು ಇದನ್ನು ಆಟವೆಂದು ತಳ್ಳದೆ ಮಕ್ಕಳೊಡನೆ ಒಂದು ಸಂಜೆ ನಡೆದುಬರಬೇಕೆಂದು ಪ್ರಾರ್ಥಿಸುತ್ತೇವೆ.

ತನ್ನ ಊರನ್ನು ಅಕ್ಕರೆಯಿಂದ ಅಳೆದ ಹುಡುಗನು ಮುಂದೆ ದೂರದ ದ್ವೀಪವನ್ನು ಬರಿಯ ಬೊಟ್ಟೆಂದು ತಿಳಿಯಲಾರನು.