ಕೂದಲಿನ ಔಷಧವೂ ಸ್ಟೀರಾಯ್ಡ್ ಟ್ಯೂಬೂ: ಒಟ್ಟಿಗೆ ಹಚ್ಚುವ ಮುನ್ನ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕೂದಲು ಉದುರುವುದರಿಂದ ಯಾರ ಪ್ರಾಣವೂ ಹೋಗುವುದಿಲ್ಲ. ಆದರೂ ಮದುವೆಗೆ ಬಂದ ಹುಡುಗನನ್ನು, ಬಾಚಣಿಗೆ ತುಂಬ ಕೂದಲು ಕಂಡು ಹೆದರುವ ಹೆಣ್ಣುಮಗಳನ್ನು, ಮಗುವಿನ ತಲೆಯಲ್ಲಿ ಬೋಳು ಜಾಗ ಕಂಡ ತಾಯಿಯನ್ನು ಇದು ನಿದ್ದೆಗೆಡಿಸುತ್ತದೆ. ಹೆದರಿದವರು ಬೇಗ ಫಲ ಕೊಡುವುದನ್ನು ಹುಡುಕುತ್ತಾರೆ. ನಮ್ಮ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಬೀದಿಗಳಲ್ಲಿ ಮೆಡಿಕಲ್ ಶಾಪ್‌ಗಳಿಗೆ ಬರವಿಲ್ಲ. ತಲೆಗೆ ಹಚ್ಚುವ ಲೋಷನ್ ಒಂದು, ತುರಿಕೆಗೆಂದು ಟ್ಯೂಬ್ ಒಂದು, ಎರಡೂ ಒಂದೇ ಚೀಲದಲ್ಲಿ ಮನೆಗೆ ಬರುತ್ತವೆ. ಆ ಎರಡನೆಯ ವಸ್ತು, ಅಂದರೆ ಸ್ಟೀರಾಯ್ಡ್ ಮುಲಾಮು, ಕೂದಲಿನ ಚಿಕಿತ್ಸೆಯ ಜೊತೆಗೆ ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ಇಂದು ತಮ್ಮ ಮುಂದೆ ಇಡಬಯಸುತ್ತೇನೆ.

ಮೊದಲು ಕೂದಲಿನ ಲೆಕ್ಕ ತಿಳಿಯೋಣ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಾಂತಿ ಪಡೆದು ಬಿದ್ದುಹೋಗುತ್ತದೆ. ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ಈ ಕ್ರಮ ತಪ್ಪಿದಾಗ ಉದುರುವಿಕೆ ಹೆಚ್ಚಾಗುತ್ತದೆ. ಕ್ರಮ ತಪ್ಪಲು ಕಾರಣ ಒಂದಲ್ಲ. ಇದೇ ನನ್ನ ಮಾತಿನ ಮುಖ್ಯ ಅಂಶ: ಕೂದಲು ಉದುರುವುದು ಒಂದು ಲಕ್ಷಣ, ಅದರ ಹಿಂದಿರುವ ಕಾಯಿಲೆಗಳು ಹಲವು. ಕಾಯಿಲೆಯ ಹೆಸರು ಗೊತ್ತಾಗದೆ ಟ್ಯೂಬ್ ತೆರೆಯಬಾರದು.

ನಾವು ಸಾಮಾನ್ಯವಾಗಿ ಕೇಳುವ ಮಾತು "ಬೋರ್‌ವೆಲ್ ನೀರಿನಿಂದ ಕೂದಲು ಹೋಯಿತು" ಎಂಬುದು. ಗಡಸು ನೀರಿನಿಂದ ಕೂದಲು ಒರಟಾಗಬಹುದು, ಸಿಕ್ಕಾಗಬಹುದು, ತುಂಡಾಗಬಹುದು. ಆದರೆ ಇಪ್ಪತ್ತೈದನೇ ವಯಸ್ಸಿಗೆ ಹಣೆಯ ಎರಡೂ ಬದಿಯಲ್ಲಿ ಕೂದಲು ಹಿಂದೆ ಸರಿದು ನೆತ್ತಿ ಕಾಣುವುದಕ್ಕೆ ಕಾರಣ ನಲ್ಲಿಯಲ್ಲಿಲ್ಲ. ವಂಶವಾಹಿಯಲ್ಲಿ ಮತ್ತು ಹಾರ್ಮೋನಿನಲ್ಲಿದೆ. ಇದು ಒಂದು ಬಗೆ. ಟೈಫಾಯಿಡ್, ಡೆಂಗಿ, ಕೋವಿಡ್‌ನಂಥ ಜ್ವರ ಬಂದು ಅಥವಾ ಹೆರಿಗೆಯಾಗಿ ಎರಡು ಮೂರು ತಿಂಗಳ ನಂತರ ಕೂದಲು ರಾಶಿಯಾಗಿ ಉದುರುವುದು ಇನ್ನೊಂದು ಬಗೆ. ಇದು ಹೆಚ್ಚಿನವರಲ್ಲಿ ಆರು ತಿಂಗಳ ಸುಮಾರಿಗೆ ತಾನಾಗಿ ಸರಿಹೋಗುತ್ತದೆ. ರಕ್ತಹೀನತೆ ಮೂರನೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ನಮ್ಮ ರಾಜ್ಯದಲ್ಲಿಯೂ ಅರ್ಧದಷ್ಟು ಮಹಿಳೆಯರ ಕಥೆ ಇದೇ. ಅಂಥವರ ತಲೆಗೆ ಎಷ್ಟು ಲೋಷನ್ ಹಚ್ಚಿದರೇನು? ಕೊರತೆ ಇರುವುದು ರಕ್ತದಲ್ಲಿ. ಥೈರಾಯ್ಡ್ ತೊಂದರೆಯೂ ಹೀಗೆಯೇ.

ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ತಲೆಗೆ ಬಟ್ಟೆ ಹೊದ್ದುಕೊಳ್ಳುವುದರಿಂದ ಕೂದಲಿಗೆ "ಗಾಳಿ ಬೆಳಕು ಸಿಗದೆ" ಉದುರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಬೇರಿಗೆ ಬೇಕಾದದ್ದೆಲ್ಲ ರಕ್ತದಿಂದ ಬರುತ್ತದೆ. ಆದರೆ ಒದ್ದೆ ಕೂದಲನ್ನೇ ಬಿಗಿಯಾಗಿ ಎಳೆದು ಗಂಟು ಹಾಕಿ, ಅದರ ಮೇಲೆ ಪಿನ್ ಚುಚ್ಚಿ ದಿನವಿಡೀ ಇಟ್ಟರೆ ಹಣೆಯ ಅಂಚಿನ ಕೂದಲು ಎಳೆತದಿಂದ ಹೋಗುತ್ತದೆ. ಕೂದಲನ್ನು ಒಣಗಿಸಿ, ಸಡಿಲವಾಗಿ ಕಟ್ಟಿ, ಮೆತ್ತನೆಯ ಬಟ್ಟೆ ಹೊದ್ದರೆ ಸಾಕು.

ಈಗ ಸ್ಟೀರಾಯ್ಡ್ ವಿಷಯಕ್ಕೆ ಬರೋಣ. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನ್ ಮುಲಾಮನ್ನು ಚರ್ಮದ ಮೇಲೆ ಹಚ್ಚಿದರೆ ಉರಿಯೂತ ಇಳಿಯುತ್ತದೆ ಎಂದು ತೋರಿಸಿದರು. ಚರ್ಮರೋಗ ಚಿಕಿತ್ಸೆಯಲ್ಲಿ ಅದೊಂದು ದೊಡ್ಡ ತಿರುವು. ಹೈಡ್ರೋಕಾರ್ಟಿಸೋನ್ ಮೃದುವಾದದ್ದು; ಮೊಮೆಟಾಸೋನ್, ಬೀಟಾಮೆಥಾಸೋನ್ ಬಲವಾದವು; ಕ್ಲೋಬೆಟಾಸೋಲ್ ಅತಿ ಬಲವಾದದ್ದು. ಇವೆಲ್ಲವೂ ಆ ಜಾಗದ ರೋಗನಿರೋಧಕ ಕಣಗಳನ್ನು ಸುಮ್ಮನಾಗಿಸುತ್ತವೆ. ಕೆಂಪು, ಊತ, ತುರಿಕೆ ಎರಡೇ ದಿನದಲ್ಲಿ ಇಳಿಯುತ್ತವೆ. ಈ ವೇಗವೇ ಅದರ ಗುಣ, ಈ ವೇಗವೇ ಅದರ ಅಪಾಯ.

ಸ್ಟೀರಾಯ್ಡ್ ಎಂದ ಕೂಡಲೇ ವಿಷ ಎಂದು ಬೆಚ್ಚಬೇಕಾಗಿಲ್ಲ. ಕೆಲವು ಬಗೆಯ ಉದುರುವಿಕೆಗೆ ಅದೇ ಸರಿಯಾದ ಮದ್ದು. ತಲೆಯಲ್ಲೋ ಗಡ್ಡದಲ್ಲೋ ನಾಣ್ಯದಷ್ಟು ಅಗಲ ನುಣ್ಣಗೆ ಕೂದಲು ಹೋಗುವುದನ್ನು ತಾವು ನೋಡಿರಬಹುದು. ಕೆಲವರು "ಹುಳ ತಿಂದಿದೆ" ಎನ್ನುತ್ತಾರೆ. ಉರ್ದು ಮಾತನಾಡುವ ಮನೆಗಳಲ್ಲಿ ಬಾಲ್‌ಖೋರಾ ಎನ್ನುವುದುಂಟು. ವೈದ್ಯರು ಅಲೋಪೇಶಿಯಾ ಏರಿಯೇಟಾ ಎನ್ನುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ತಪ್ಪು ತಿಳಿದು ಕೂದಲಿನ ಬೇರಿನ ಮೇಲೆ ಎರಗಿರುತ್ತದೆ. ಎಷ್ಟೋ ಜನರಲ್ಲಿ ಚಿಕ್ಕ ಬೋಳು ಜಾಗಗಳು ಒಂದು ವರ್ಷದೊಳಗೆ ತಾವಾಗಿ ತುಂಬಿಕೊಳ್ಳುತ್ತವೆ. ಬೇಕಾದರೆ ವೈದ್ಯರು ಬಲವಾದ ಸ್ಟೀರಾಯ್ಡ್ ಲೋಷನ್ ಕೊಡುತ್ತಾರೆ, ಇಲ್ಲವೇ ಆ ಜಾಗಕ್ಕೇ ಸಣ್ಣ ಸೂಜಿಯಿಂದ ಸ್ಟೀರಾಯ್ಡ್ ಚುಚ್ಚುತ್ತಾರೆ; ಕೆಲವೊಮ್ಮೆ ಜೊತೆಗೆ ಮಿನಾಕ್ಸಿಡಿಲ್ ಅನ್ನೂ ಬರೆಯುತ್ತಾರೆ. ಕಾಯಿಲೆ ತೀವ್ರವಾಗಿದ್ದರೆ ಬೇರೆ ಔಷಧಗಳೂ ಬಂದಿವೆ. ಬ್ಯಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಅನುಮತಿ ದೊರೆಯಿತು. ಅಂದರೆ ಸ್ಟೀರಾಯ್ಡ್ ಮತ್ತು ಕೂದಲಿನ ಔಷಧ ಒಟ್ಟಿಗೆ ನಡೆಯುವ ಸಂದರ್ಭಗಳಿವೆ. ಅಲ್ಲಿ ಕಾಯಿಲೆಗೆ ಹೆಸರಿರುತ್ತದೆ, ಔಷಧಕ್ಕೆ ಅಳತೆಯಿರುತ್ತದೆ, ನಿಲ್ಲಿಸುವ ದಿನಾಂಕವಿರುತ್ತದೆ.

ತೊಂದರೆ ಶುರುವಾಗುವುದು ಈ ಮೂರೂ ಇಲ್ಲದಿದ್ದಾಗ. ಸಾಮಾನ್ಯವಾಗಿ ನಡೆಯುವುದು ಹೀಗೆ. ಯುವಕನೊಬ್ಬ ವಂಶದಿಂದ ಬಂದ ಬೋಳಿಗೆ ಮಿನಾಕ್ಸಿಡಿಲ್ ಲೋಷನ್ ಹಚ್ಚಲು ತೊಡಗುತ್ತಾನೆ. ಇದು ಮೊದಲು ರಕ್ತದೊತ್ತಡದ ಮಾತ್ರೆಯಾಗಿ ಬಂದ ಔಷಧ. ಮಾತ್ರೆ ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಲೋಷನ್ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದರ ಫಲ ಕಾಣಲು ಕನಿಷ್ಠ ನಾಲ್ಕು ತಿಂಗಳು ಬೇಕು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗುವುದೂ ಉಂಟು. ಕೆಲವರಿಗೆ ನೆತ್ತಿ ಕೆಂಪಾಗಿ ತುರಿಸುತ್ತದೆ, ಹೊಟ್ಟಿನಂತೆ ಸುಲಿಯುತ್ತದೆ. ಬಹಳ ಸಲ ಇದಕ್ಕೆ ಕಾರಣ ಔಷಧವಲ್ಲ, ಅದನ್ನು ಕರಗಿಸಲು ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ. ಆಗ ಆತ ಮನೆಯಲ್ಲಿದ್ದ ತುರಿಕೆ ಟ್ಯೂಬನ್ನು ತಲೆಗೆ ಉಜ್ಜುತ್ತಾನೆ. ತುರಿಕೆ ಮಾಯ! ಲೋಷನ್ ಮುಂದುವರಿಯುತ್ತದೆ, ತುರಿಕೆ ಮರಳುತ್ತದೆ, ಮತ್ತೆ ಟ್ಯೂಬ್. ಹೀಗೆ ತಿಂಗಳುಗಳು ಕಳೆಯುತ್ತವೆ. ಕಾಲಿಗೆ ಮುಳ್ಳು ಚುಚ್ಚಿರುವಾಗ ಮುಳ್ಳು ತೆಗೆಯದೆ ಮೇಲೆ ಪಟ್ಟಿ ಕಟ್ಟಿದ ಹಾಗೆ. ಆ ದ್ರವವಿಲ್ಲದ ನೊರೆ ರೂಪದ ಮಿನಾಕ್ಸಿಡಿಲ್ ಇದೆ. ವೈದ್ಯರನ್ನು ಕೇಳಿದ್ದರೆ ಔಷಧವನ್ನು ಬದಲಿಸುತ್ತಿದ್ದರು. ತುರಿಕೆ ಬರೀ ಹೊಟ್ಟಿನದ್ದಾಗಿದ್ದರೆ ಕೀಟೋಕೊನಜೋಲ್ ಶಾಂಪೂ ಸಾಕಾಗುತ್ತಿತ್ತು.

ಇದರಿಂದ ಹಾನಿ ಏನು? ಮೊದಲನೆಯದು, ಮಿನಾಕ್ಸಿಡಿಲ್ ಹಚ್ಚಬೇಕಾದದ್ದು ಗಾಯ, ಉರಿ ಇಲ್ಲದ ಆರೋಗ್ಯವಂತ ನೆತ್ತಿಗೆ. ಸ್ಟೀರಾಯ್ಡ್ ಹಚ್ಚುತ್ತ ಹೋದಂತೆ ಚರ್ಮ ತೆಳುವಾಗುತ್ತದೆ. ತೆಳುವಾದ, ಸುಲಿದ ಚರ್ಮ ಬಾಗಿಲು ತೆರೆದಿಟ್ಟ ಮನೆಯಂತೆ. ಅದರ ಮೂಲಕ ಮಿನಾಕ್ಸಿಡಿಲ್ ಹೆಚ್ಚಾಗಿ ರಕ್ತಕ್ಕೆ ಸೇರಬಹುದು. ಎದೆ ಬಡಿತ ಹೆಚ್ಚಿದರೆ, ತಲೆ ಸುತ್ತಿದರೆ, ಪಾದ ಊದಿಕೊಂಡರೆ ತಕ್ಷಣ ಲೋಷನ್ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಎರಡನೆಯದು, ಸ್ಟೀರಾಯ್ಡ್‌ನಿಂದ ಕೂದಲಿನ ಬುಡದಲ್ಲಿ ಕೀವುಗುಳ್ಳೆಗಳು ಏಳಬಹುದು. ಹಣೆಯಿಂದ ಜಾರಿ ಕಣ್ಣಿನ ಸುತ್ತ ದಿನಗಟ್ಟಲೆ ಸೇರಿದರೆ ಕಣ್ಣಿನ ಒತ್ತಡವೂ ಏರಬಹುದು. ಮೂರನೆಯದು, ವಂಶದಿಂದ ಬಂದ ಬೋಳಿಗೆ ಸ್ಟೀರಾಯ್ಡ್ ಏನನ್ನೂ ಮಾಡುವುದಿಲ್ಲ. ಹಣವೂ ಹೋಯಿತು, ಸಮಯವೂ ಹೋಯಿತು.

ಎಲ್ಲಕ್ಕಿಂತ ದೊಡ್ಡ ಹಾನಿ ಮಕ್ಕಳಿಗೆ. ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ಕೂದಲು ತುಂಡಾಗಿ, ಪುಡಿಪುಡಿಯಾಗಿ, ಬೋಳು ಜಾಗ ಕಂಡರೆ ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು ಆಗಿರಬಹುದು. ಬಾಚಣಿಗೆ, ಟವೆಲ್, ಟೋಪಿಗಳಿಂದ ಹರಡುತ್ತದೆ. ಸ್ಟೀರಾಯ್ಡ್ ಹಚ್ಚಿದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ. ಆದರೆ ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳನಿಗೆ ಹಬ್ಬ. ಶಿಲೀಂಧ್ರ ಒಳಗೊಳಗೇ ಹಬ್ಬಿ, ಕೀವು ತುಂಬಿದ ಗಡ್ಡೆಯಾಗಿ, ಕೊನೆಗೆ ಗಾಯದ ಕಲೆ ಉಳಿದರೆ ಆ ಜಾಗದಲ್ಲಿ ಜೀವನಪೂರ್ತಿ ಕೂದಲು ಬರದಿರಬಹುದು. ಈ ಸೋಂಕಿಗೆ ಹಲವು ವಾರ ನುಂಗುವ ಮಾತ್ರೆಯೇ ಬೇಕು, ಮುಲಾಮು ಸಾಲದು. ಆದ್ದರಿಂದ ಮಸೀದಿ, ಮದರಸಾಗಳ ಬಾಗಿಲಲ್ಲಿ ಎಲ್ಲರಿಗೆಂದು ಬುಟ್ಟಿಯಲ್ಲಿ ಇಡುವ ಟೋಪಿಗಳ ಬದಲು ಪ್ರತಿ ಮಗುವೂ ತನ್ನದೇ ಟೋಪಿ ತಂದು, ವಾರವಾರವೂ ಒಗೆಯುವ ಅಭ್ಯಾಸ ಮಾಡಿಸುವುದು ಒಳ್ಳೆಯದು.

ಈ ಟ್ಯೂಬುಗಳು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಿವೆ ಎಂಬುದಕ್ಕೆ ಮುಖಕ್ಕೆ ಹಚ್ಚುವವರ ಬಗ್ಗೆ ನಡೆದ ಒಂದು ಅಧ್ಯಯನವನ್ನು ನೋಡಿ. ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಯೆಂದು ಬಂದ 2,926 ರೋಗಿಗಳನ್ನು ಚರ್ಮರೋಗ ತಜ್ಞರು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. 257 ಮಂದಿಗೆ ಅದನ್ನು ಹೇಳಿಕೊಟ್ಟವರು ವೈದ್ಯರೇ ಅಲ್ಲ. 126 ಮಂದಿ ಬೆಳ್ಳಗಾಗಲು ಅಥವಾ ದಿನನಿತ್ಯದ ಕ್ರೀಮಿನಂತೆ, ಕ್ಷೌರದ ನಂತರದ ಕ್ರೀಮಿನಂತೆ ಬಳಸುತ್ತಿದ್ದರು. 392 ಮಂದಿಯಲ್ಲಿ ದುಷ್ಪರಿಣಾಮ ಕಂಡಿತ್ತು. ತಜ್ಞರ ಒತ್ತಾಯದ ನಂತರ 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಕಟ್ಟಳೆಯೊಳಗೆ ತಂದಿತು. ವೈದ್ಯರ ಚೀಟಿ ಇಲ್ಲದೆ ಅವುಗಳನ್ನು ಮಾರುವಂತಿಲ್ಲ. ಆದರೆ ಅಂಗಡಿಯವರನ್ನು ಮಾತ್ರ ದೂರಿ ಫಲವಿಲ್ಲ. ಚೀಟಿ ಇಲ್ಲದೆ ಕೇಳುವ ಕೈ ನಮ್ಮದೇ ಅಲ್ಲವೇ?

ಕಾರಣ ಹುಡುಕದೆ ಊಹೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆ ನೆರೆಯ ಮಹಾರಾಷ್ಟ್ರದ್ದು. 2024ರ ಕೊನೆಗೆ ಮತ್ತು 2025ರ ಆರಂಭದಲ್ಲಿ ಬುಲ್ಢಾಣಾ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿತು. ಮೊದಲ ಅನುಮಾನ ನೀರಿನ ಮೇಲೆ, ಶಿಲೀಂಧ್ರದ ಮೇಲೆ ಬಂತು. ಬಳಿಕ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪರೀಕ್ಷೆ ಮಾಡಿಸಿ, ರೋಗಿಗಳ ರಕ್ತದಲ್ಲೂ ಅವರು ತಿಂದ ಗೋಧಿಯಲ್ಲೂ ಸೆಲೆನಿಯಂ ಅಂಶ ಹೆಚ್ಚಾಗಿರುವುದನ್ನು ತೋರಿಸಿದರು. ಅಂಥ ತಲೆಗೆ ಟ್ಯೂಬ್ ಹಚ್ಚಿದ್ದರೆ ಏನು ಪ್ರಯೋಜನವಾಗುತ್ತಿತ್ತು?

ಹಾಗಾದರೆ ತಾವು ಮಾಡಬೇಕಾದದ್ದೇನು?

ಟ್ಯೂಬ್ ಕೊಳ್ಳುವಾಗ ದೊಡ್ಡ ಅಕ್ಷರದ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಮನೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿಂದ ಓದಿಸಿ. ಅವರ ವಿದ್ಯೆ ಮನೆಗೆ ಉಪಯೋಗವಾಗಲಿ.

ಒಬ್ಬರಿಗೆ ಬರೆದ ಟ್ಯೂಬನ್ನು ಮನೆಯವರೆಲ್ಲ ಹಂಚಿಕೊಳ್ಳಬೇಡಿ. ಹಳೆಯ ಚೀಟಿಯನ್ನೇ ತೋರಿಸಿ ಮತ್ತೆ ಮತ್ತೆ ಕೊಳ್ಳಬೇಡಿ.

ವೈದ್ಯರು ಎರಡೂ ಔಷಧ ಬರೆದಿದ್ದರೆ ನಾಲ್ಕು ಪ್ರಶ್ನೆ ಕೇಳಿ: ನನ್ನ ಕಾಯಿಲೆಯ ಹೆಸರೇನು? ಯಾವುದನ್ನು ಯಾವ ಹೊತ್ತಿಗೆ ಹಚ್ಚಬೇಕು, ನಡುವೆ ಎಷ್ಟು ಅಂತರ ಬೇಕು? ಎಷ್ಟು ದಿನ? ಮತ್ತೆ ಯಾವಾಗ ಬರಲಿ? ಕೇಳುವುದು ಅವಿನಯವಲ್ಲ, ತಮ್ಮ ಹಕ್ಕು.

ಬಹಳ ಕಾಲದಿಂದ ಸ್ಟೀರಾಯ್ಡ್ ಹಚ್ಚುತ್ತಿರುವವರು ಇಂದು ನನ್ನ ಮಾತು ಕೇಳಿ ಏಕಾಏಕಿ ಬಿಸಾಡಬೇಡಿ. ಬಿಟ್ಟ ಕೂಡಲೇ ಉರಿ, ಕೆಂಪು ದುಪ್ಪಟ್ಟಾಗಿ ಮರಳಬಹುದು. ವೈದ್ಯರು ಹಂತಹಂತವಾಗಿ ಬಿಡಿಸುತ್ತಾರೆ.

ಮಿನಾಕ್ಸಿಡಿಲ್ ಹಚ್ಚಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ. ಹಸುಗೂಸನ್ನು ಆ ತಲೆಗೆ ಒರಗಿಸಿಕೊಳ್ಳಬೇಡಿ. ತಂದೆ ಹಚ್ಚಿದ ಔಷಧ ತಾಗಿ ಕೂಸಿನ ಮೈಮೇಲೆ ಅತಿಯಾಗಿ ಕೂದಲು ಬೆಳೆದ ಪ್ರಕರಣಗಳ ಬಗ್ಗೆ ಯುರೋಪಿನ ಔಷಧ ಸುರಕ್ಷತಾ ಸಮಿತಿ 2024ರಲ್ಲಿ ಎಚ್ಚರಿಕೆ ನೀಡಿದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಯಾವ ಕೂದಲಿನ ಔಷಧವನ್ನೂ ಮುಟ್ಟಬಾರದು.

ತಜ್ಞರ ಫೀಸು ದುಬಾರಿ ಎನ್ನುವವರಿಗೆ ಹೇಳುತ್ತೇನೆ, ದಾರಿ ದೂರವಿಲ್ಲ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್, ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಕಾಡುಗೊಂಡನಹಳ್ಳಿಯ ಅಂಬೇಡ್ಕರ್, ಮತ್ತಿಕೆರೆ ಬಳಿಯ ರಾಮಯ್ಯ ವೈದ್ಯಕೀಯ ಕಾಲೇಜುಗಳಲ್ಲಿಯೂ ಇದೆ. ಅರ್ಧ ದಿನದ ಸರತಿ ಸಾಲು, ವರ್ಷಗಟ್ಟಲೆ ಕೊಳ್ಳುವ ಟ್ಯೂಬಿಗಿಂತ ಅಗ್ಗ.

ಕೊನೆಯದಾಗಿ ಯುವಕರಿಗೆ ಮತ್ತು ಅವರ ಪೋಷಕರಿಗೆ ಒಂದು ಮಾತು. ನೆತ್ತಿಯ ಕೂದಲು ನೋಡಿ ಸಂಬಂಧ ಅಳೆಯುವುದನ್ನು ನಾವು ಹಿರಿಯರು ಮೊದಲು ಬಿಡೋಣ. ಆ ಅವಸರ, ಆ ಮುಜುಗರ ಕಡಿಮೆಯಾದರೆ ಅರ್ಧ ಟ್ಯೂಬುಗಳು ಅಂಗಡಿಯಲ್ಲೇ ಉಳಿಯುತ್ತವೆ. ಚಿಕಿತ್ಸೆ ಬೇಕಾದವರು ಧೈರ್ಯವಾಗಿ ತಜ್ಞರ ಬಳಿ ಹೋಗಿ, ಕಾಯಿಲೆಯ ಹೆಸರು ತಿಳಿದು, ಹೇಳಿದಷ್ಟು ದಿನ ಹೇಳಿದಷ್ಟೇ ಹಚ್ಚಿ.